ಗಾಳಿಗೆ ತಿರುಗುವ ಶಿಲ್ಪ: ಕಿನ್ನಾಳದ ಅಪ್ಪನಿಗೆ ಫಿಲಡೆಲ್ಫಿಯಾದಿಂದ ಪತ್ರ

ತೀರ್ಥರೂಪ ಅಪ್ಪನವರಿಗೆ ಮಗಳ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅವ್ವನ ಮೊಣಕಾಲು ಹೇಗಿದೆ? ಫೋನಿನಲ್ಲಿ ಕೇಳಿದರೆ "ಆರಾಮ ಅದೀನಿ" ಅಂತಾಳೆ. ನೀವಾದರೂ ಸರಿಯಾಗಿ ತಿಳಿಸಿ.

ನಮ್ಮ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಸೇರುತ್ತೇನೆ ಅಂದಾಗಿನಿಂದ ನೀವು ಅವನ ಜೊತೆ ಮಾತು ಕಮ್ಮಿ ಮಾಡಿದ್ದೀರಂತೆ. "ಅಜ್ಜನ ಕಾಲದಿಂದ ಬಂದ ಗೊಂಬೆ ಕೆಲಸ ನನ್ನ ಕೈಗೇ ಮುಗೀತು" ಅಂದಿರಂತೆ. ಕೇಳಿ ನನಗೂ ಸಂಕಟವಾಯಿತು. ಅದಕ್ಕೇ ಈ ಊರಿನ ಒಂದು ಮನೆತನದ ಬಗ್ಗೆ ಬರೆಯುತ್ತಿದ್ದೇನೆ. ಕಾಲ್ಡರ್ ಅಂತ. ಅವರದೂ ಮೂರ್ತಿ ಮಾಡುವ ಮನೆ.

ಇಲ್ಲಿನ ಸಿಟಿ ಹಾಲ್ ಗೋಪುರದ ತುದಿಯಲ್ಲಿ ಈ ಊರನ್ನು ಸ್ಥಾಪಿಸಿದ ವಿಲಿಯಂ ಪೆನ್ ಅವರ ಕಂಚಿನ ಮೂರ್ತಿ ಇದೆ. 37 ಅಡಿ ಎತ್ತರ. ಮಾಡಿದ್ದು ಅಜ್ಜ, ಅಲೆಕ್ಸಾಂಡರ್ ಮಿಲ್ನ್ ಕಾಲ್ಡರ್. ಸ್ಕಾಟ್ಲೆಂಡಿನಿಂದ ಬಂದವರು. ಅವರ ಅಪ್ಪ ಸಮಾಧಿ ಕಲ್ಲು ಕೆತ್ತುತ್ತಿದ್ದರು. ಅಲ್ಲಿಂದ ಪಾರ್ಕ್‌ವೇ ರಸ್ತೆ ಹಿಡಿದು ನಡೆದರೆ 1924ರ ಒಂದು ದೊಡ್ಡ ಕಾರಂಜಿ ಸಿಗುತ್ತದೆ. ಅದರ ಮೂರ್ತಿಗಳು ಮಗನವು. ರಸ್ತೆಯ ಕೊನೆಗೆ ಮ್ಯೂಸಿಯಂ. ಅಲ್ಲಿ ದೊಡ್ಡ ಮೆಟ್ಟಿಲುಗಳ ಮೇಲೆ, ಚಾವಣಿಯಿಂದ ಇಳಿಬಿಟ್ಟಂತೆ, ಮೊಮ್ಮಗ 1964ರಲ್ಲಿ ಮಾಡಿದ ಶಿಲ್ಪ ತೂಗುತ್ತದೆ. ಬಿಳಿ ಬಣ್ಣದ ತಗಡು, ಕಡ್ಡಿ, ಅಷ್ಟೇ. ಮುಖವಿಲ್ಲ, ಕೈಕಾಲಿಲ್ಲ. ಆದರೆ ಗಾಳಿ ಸ್ವಲ್ಪ ಆಡಿದರೆ ಸಾಕು, ನಿಧಾನಕ್ಕೆ ತಿರುಗುತ್ತದೆ. ಅಜ್ಜನ ಕೆಲಸ ದೊಡ್ಡದು, ಒಪ್ಪುತ್ತೇನೆ. ನನಗೆ ಮಾತ್ರ ಮೊಮ್ಮಗನದೇ ಜಾಸ್ತಿ ಇಷ್ಟ.

ಮೊಮ್ಮಗನ ಹೆಸರೂ ಅಲೆಕ್ಸಾಂಡರ್. ಹುಟ್ಟಿದ್ದು 1898ರಲ್ಲಿ. ಚಿಕ್ಕವರಿದ್ದಾಗ ಕೇಬಲ್ ಕೆಲಸದವರು ರಸ್ತೆಯಲ್ಲಿ ಬಿಟ್ಟುಹೋದ ತಾಮ್ರದ ತಂತಿ ಆರಿಸಿ ತಂದು ಅಕ್ಕನ ಗೊಂಬೆಗಳಿಗೆ ಒಡವೆ ಮಾಡುತ್ತಿದ್ದರಂತೆ. 1909ರ ಕ್ರಿಸ್‌ಮಸ್‌ಗೆ ಹಿತ್ತಾಳೆ ತಗಡು ಕತ್ತರಿಸಿ, ಬಾಗಿಸಿ, ಒಂದು ನಾಯಿ ಮತ್ತು ಒಂದು ಬಾತುಕೋಳಿ ಮಾಡಿ ಅಪ್ಪ ಅಮ್ಮನಿಗೆ ಕೊಟ್ಟರು. ಬಾತುಕೋಳಿಯನ್ನು ತಟ್ಟಿದರೆ ಹಿಂದೆ ಮುಂದೆ ತೂಗುತ್ತಿತ್ತು. ಆಗ ಅವರಿಗೆ 11 ವರ್ಷ!

ಇಂಥ ಹುಡುಗ ಕಾಲೇಜಿನಲ್ಲಿ ಓದಿದ್ದು ಏನು ಗೊತ್ತಾ ಅಪ್ಪ? ಮೆಕ್ಯಾನಿಕಲ್ ಎಂಜಿನಿಯರಿಂಗ್. 1919ರಲ್ಲಿ ಪದವಿ ಸಿಕ್ಕಿತು. ಕೆಲವು ವರ್ಷ ಅದೂ ಇದೂ ಕೆಲಸ ಮಾಡಿದರು, ಹಡಗಿನ ಬಾಯ್ಲರ್ ಕೋಣೆಯಲ್ಲೂ ದುಡಿದರು. ಆಮೇಲೆ ಚಿತ್ರಕಲೆ ಕಲಿತು 1926ರಲ್ಲಿ ಪ್ಯಾರಿಸ್‌ಗೆ ಹೋದರು. ಅಲ್ಲಿ ತಂತಿ, ಬಟ್ಟೆ, ಕಟ್ಟಿಗೆ ಸೇರಿಸಿ ಒಂದು ಪುಟ್ಟ ಸರ್ಕಸ್ ಕಟ್ಟಿ, ನೆಲದ ಮೇಲೆ ಕೂತು ತಾವೇ ಆಡಿಸುತ್ತಿದ್ದರು. ಅಮೆರಿಕದ ಒಂದು ಕಂಪನಿ ಅವರು ಹೇಳಿಕೊಟ್ಟ ಮಾದರಿಯಲ್ಲಿ ಆಟಿಕೆಗಳನ್ನೂ ತಯಾರಿಸಿತು. ಆಟಿಕೆ ಮಾಡುವುದನ್ನು ಅವರು ಕೀಳು ಕೆಲಸ ಅಂದುಕೊಳ್ಳಲಿಲ್ಲ.

1930ರಲ್ಲಿ ಮೊಂಡ್ರಿಯಾನ್ ಎಂಬ ಚಿತ್ರಕಾರರ ಕೋಣೆಗೆ ಹೋದಾಗ ಗೋಡೆಯ ಮೇಲೆ ಬಣ್ಣ ಬಣ್ಣದ ಚೌಕಗಳಿದ್ದವು. ಇವು ಅಲುಗಾಡಿದರೆ ಎಷ್ಟು ಚೆನ್ನ ಅನ್ನಿಸಿತಂತೆ ಕಾಲ್ಡರ್‌ಗೆ. ಮೊದಲು ಮೋಟಾರ್ ಹಾಕಿ, ಕೈಯಿಂದ ತಿರುಗಿಸಿ ನೋಡಿದರು. ಮೋಟಾರ್ ಆದರೆ ಅದೇ ಆಟವನ್ನೇ ಮತ್ತೆ ಮತ್ತೆ ಆಡುತ್ತದೆ. ಹಾಗಾಗಿ ಕೊನೆಗೆ ಗಾಳಿಗೇ ಬಿಟ್ಟರು. ಅಂಥವಕ್ಕೆ ಮೊಬೈಲ್ ಅಂತ ಹೆಸರು.

ಅದನ್ನು ಕಟ್ಟುವ ರೀತಿ ನಿಮಗೆ ಹೇಳಲೇಬೇಕು. ಶುರು ಮಾಡುವುದು ಕೆಳಗಿನಿಂದ, ತುದಿಯ ಸಣ್ಣ ತುಂಡಿನಿಂದ. ಒಂದು ತಂತಿಯ ಎರಡೂ ಕಡೆ ತಗಡಿನ ಎಲೆ ಸಿಕ್ಕಿಸಿ, ಎಲ್ಲಿ ಹಿಡಿದರೆ ಸಮ ನಿಲ್ಲುತ್ತದೆ ಅಂತ ಹುಡುಕಬೇಕು. ಸಂತೆಯ ತಕ್ಕಡಿ ಇದ್ದಂತೆ, ಆದರೆ ತೋಳು ಎರಡೂ ಕಡೆ ಒಂದೇ ಉದ್ದ ಇರಬೇಕಿಲ್ಲ. ಭಾರದ ತುಂಡು ಹತ್ತಿರ, ಹಗುರದ್ದು ದೂರ. ಆ ಜಾಗದಲ್ಲಿ ತಂತಿಗೆ ಕೊಂಡಿ ಮಾಡಿ, ಅಷ್ಟನ್ನೂ ಮೇಲಿನ ತಂತಿಯ ಒಂದು ತುದಿಗೆ ನೇತು ಹಾಕಬೇಕು. ಮತ್ತೆ ಸಮ ಹುಡುಕಬೇಕು. ಹೀಗೆ ಮೇಲೆ ಮೇಲೆ ಹೋಗುವುದು. ಕೆಳಗೆ ಒಂದು ಎಲೆ ಬದಲಾದರೆ ಮೇಲಿನದೆಲ್ಲ ಮತ್ತೆ ಸರಿ ಮಾಡಬೇಕು. ಇದು ಪೂರಾ ಕೈಯ ಕೆಲಸ, ಜೊತೆಗೆ ಲೆಕ್ಕದ ತಿಳಿವಳಿಕೆಯೂ ಬೇಕು.

ದೊಡ್ಡವನ್ನೂ ಮಾಡಿದರು. ಶಿಕಾಗೋದಲ್ಲಿ 1974ರ ಕೆಂಪು ಉಕ್ಕಿನ ಶಿಲ್ಪ 53 ಅಡಿ ಎತ್ತರ ಇದೆ, ಅದರ ಕಾಲುಗಳ ನಡುವೆಯೇ ಜನ ಓಡಾಡುತ್ತಾರೆ. ಅದು ತಿರುಗುವುದಿಲ್ಲ, ನಿಂತದ್ದು. 1955ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ಅಹಮದಾಬಾದಿನ ಸಾರಾಭಾಯಿ ಮನೆಯಲ್ಲಿದ್ದು ಅಲ್ಲೇ ಶಿಲ್ಪಗಳನ್ನು ಮಾಡಿಕೊಟ್ಟು ಹೋದರು. ಕಿನ್ನಾಳಕ್ಕೆ ಬಂದು ನಮ್ಮ ಗೊಂಬೆ ನೋಡಿದ್ದರೆ ಎಷ್ಟು ಖುಷಿಪಡುತ್ತಿದ್ದರೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ತೀರಿಕೊಂಡಿದ್ದು 1976ರಲ್ಲಿ.

ಅಪ್ಪ, ಅಜ್ಜನ ಕಂಚು ಮೊಮ್ಮಗನ ಕೈಯಲ್ಲಿ ತಗಡು, ತಂತಿ ಆಯಿತು. ಆದರೂ ಈ ಊರಿನವರು ಮೂವರನ್ನೂ ಒಂದೇ ಮನೆಯವರು ಅಂತಲೇ ಹೆಮ್ಮೆಯಿಂದ ತೋರಿಸುತ್ತಾರೆ. ನಮ್ಮ ತಮ್ಮ ಚಿಕ್ಕವನಿದ್ದಾಗ ಗರುಡನ ರೆಕ್ಕೆಗೆ ದಾರ ಕಟ್ಟಿ ಬಡಿಸಲು ನೋಡುತ್ತಿದ್ದ, ನೆನಪಿದೆಯಾ? ಅವನಿಗೆ ಆಗಿನಿಂದಲೂ ಅದೇ ಹಂಬಲ. ಹುಣಸೆ ಬೀಜದ ಅಂಟು ಯಾವ ಹದಕ್ಕೆ ಬರಬೇಕು ಅಂತ ಅವನಿಗೆ ಈಗಲೇ ಗೊತ್ತು, ಅದನ್ನು ಯಾವ ಕಾಲೇಜೂ ಮರೆಸುವುದಿಲ್ಲ. ಗೇರ್, ಸ್ಪ್ರಿಂಗ್ ಎಲ್ಲ ಕಲಿತು ಬಂದರೆ ನಿಮ್ಮ ಪಕ್ಕ ಕೂತು ಏನು ಮಾಡುತ್ತಾನೋ ನೋಡೋಣ.

ಅರ್ಜಿ ಹಾಕುವ ದಿನ ಮುಗಿಯುವ ಮೊದಲು ನೀವೇ ಅವನಿಗೆ "ಹೋಗು" ಅಂತ ಹೇಳಿ. ಅವ್ವ ಹೇಳಿದರೆ ಅವನಿಗೆ ಸಮಾಧಾನ ಆಗುವುದಿಲ್ಲ. ಫೀಸು ನಾನು ಕಳಿಸುತ್ತೇನೆ. ಮ್ಯೂಸಿಯಂನಲ್ಲಿ ತೆಗೆದ ವಿಡಿಯೊ ಅವನ ಫೋನಿಗೆ ಹಾಕಿದ್ದೇನೆ, ಇಬ್ಬರೂ ಕೂತು ನೋಡಿ. ಕೊಂಡಿಗಳನ್ನು ಹೇಗೆ ಬಾಗಿಸಿದ್ದಾರೆ ಅಂತ ನಿಮಗೆ ಏನನ್ನಿಸಿತೋ ಬರೆಯಿರಿ.

ಇತಿ,
ನಿಮ್ಮ ಪ್ರೀತಿಯ ಮಗಳು