ಬಸುರಿನ ಊಟದ ಬಗ್ಗೆ ಸುಮಾಳಿಗೆ

ಮೈಸೂರು

ಚಿ. ಸೌ. ಸುಮಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನಗೆ ಮೂರು ತಿಂಗಳು ತುಂಬಿತೆಂದು ನಿನ್ನ ಅಮ್ಮ ತಿಳಿಸಿದಳು. ಇಬ್ಬರ ಪಾಲು ಉಣ್ಣಬೇಕೆಂದು ಅವಳೂ, ಹೊಟ್ಟೆ ತುಂಬ ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ನಿನ್ನ ಅತ್ತೆಯವರೂ ಹೇಳುತ್ತಿರುವುದರಿಂದ ನೀನು ಗೊಂದಲಕ್ಕೆ ಬಿದ್ದಿರುವೆಯಂತೆ. ನಾನು ಎರಡು ಮಾತನ್ನೂ ಒಪ್ಪುವವಳಲ್ಲ.

ಬಸುರಿಯ ಊಟದ ಪರಿಣಾಮ ಹೆರಿಗೆಯ ದಿನಕ್ಕೆ ಮುಗಿಯುವುದಿಲ್ಲ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ನೆದರ್‌ಲ್ಯಾಂಡಿನ ಪಶ್ಚಿಮದ ನಗರಗಳಲ್ಲಿ ಒಬ್ಬರ ದಿನದ ಪಡಿತರ 1000 ಕ್ಯಾಲೊರಿಗಿಂತಲೂ ಕೆಳಗಿಳಿದಿತ್ತು. ಆಗ ಗರ್ಭದಲ್ಲಿದ್ದವರನ್ನು ಐವತ್ತರ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಶಕ್ತಿ ಅವರಲ್ಲಿ ಕುಂದಿರುವುದು ಕಂಡಿತು. ಬಸುರಿನ ಮೊದಲ ತಿಂಗಳುಗಳಲ್ಲಿ ತಾಯಿ ಹಸಿದಿದ್ದವರಲ್ಲಿ, ಹುಟ್ಟುವಾಗಿನ ತೂಕ ಸರಿಯಾಗಿಯೇ ಇದ್ದರೂ, ಹೃದ್ರೋಗವೂ ಹೆಚ್ಚಿತ್ತು.

ಅಷ್ಟು ದೂರವೇಕೆ, ನಮ್ಮೂರಿನ ಮಿಷನ್ ಆಸ್ಪತ್ರೆಯನ್ನೇ ನೋಡು. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ ಊರಿನಲ್ಲೇ ಉಳಿದಿದ್ದ ಕೆಲವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು ತಿಳಿಯಿತು. ಸಕ್ಕರೆ ಕಾಯಿಲೆಯ ಕಥೆ ಮಾತ್ರ ಬೇರೆಯಾಗಿತ್ತು: ಅದು ಹುಟ್ಟುವಾಗ ಗಿಡ್ಡಗೆ ಗುಂಡಗಿದ್ದವರಲ್ಲಿ, ಭಾರೀ ಮೈಯ ತಾಯಂದಿರ ಮಕ್ಕಳಲ್ಲಿ ಹೆಚ್ಚಿತ್ತು. ನಿನ್ನ ಅಮ್ಮನಿಗೂ ಅತ್ತೆಯವರಿಗೂ ಉತ್ತರ ಇಲ್ಲೇ ಇದೆ. ಮೂರು ತಿಂಗಳು ಕಳೆದ ಮೇಲೆ ನಿನಗೆ ಬೇಕಾಗುವ ಹೆಚ್ಚಿನ ಆಹಾರ ದಿನಕ್ಕೆ ಸುಮಾರು 350 ಕ್ಯಾಲೊರಿಯಷ್ಟು, ಅಂದರೆ ಇನ್ನೊಬ್ಬರ ಇಡೀ ಊಟವಲ್ಲ, ಒಂದು ಸಣ್ಣ ಮುದ್ದೆಯೂ ಅದಕ್ಕೆ ತಕ್ಕ ಗಟ್ಟಿ ಹುಳಿಯೂ ಆದರೆ ಸಾಕು.

ನಿನ್ನಂಥ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು ಹೇಳಬೇಕು. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಿಂದ ಬಸುರಿಯರನ್ನೂ ಅವರ ಮಕ್ಕಳನ್ನೂ ಗಮನಿಸುತ್ತ ಬಂದಿದೆ. ತಾಯಿಯ ರಕ್ತದಲ್ಲಿ ಫೋಲೇಟ್ (ಫೋಲಿಕ್ ಆಮ್ಲದ ಮಾತ್ರೆಯಿಂದ ಸಿಗುವ ಜೀವಸತ್ವ) ಹೆಚ್ಚಿದ್ದು ಬಿ12 ಎಂಬ ಜೀವಸತ್ವ ಕಡಿಮೆಯಿದ್ದಲ್ಲಿ, ಆರನೇ ವರ್ಷಕ್ಕೇ ಮಗುವಿನ ಮೈ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದನ್ನು ಅವರು ಕಂಡರು. ಹಾಗೆಂದು ಫೋಲಿಕ್ ಆಮ್ಲದ ಮಾತ್ರೆಯನ್ನು ಬಿಡಬೇಡ, ಅದು ಮಗುವಿನ ಬೆನ್ನುಹುರಿಯ ದೋಷ ತಡೆಯುವಂಥದ್ದು. ಬಿ12 ಸೊಪ್ಪು ಕಾಳುಗಳಲ್ಲಿ ಇರುವುದಿಲ್ಲ. ಮೊಟ್ಟೆ ಮುಟ್ಟದ ನಿನಗೆ ಹಾಲು, ಮೊಸರುಗಳೇ ಗತಿ, ಅವೂ ಸಾಲದೆ ಹೋಗಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸುವಂತೆ ಡಾಕ್ಟರನ್ನು ಕೇಳು. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆಂಬುದು ಸುಳ್ಳು. ಕೇಸರಿಯ ದುಡ್ಡಿಗೆ ಇನ್ನರ್ಧ ಲೀಟರ್ ಹಾಲು ತರಿಸಿಕೋ.

ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ. ಕಾಫಿ, ಟೀಗಳು ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ. ಎರಡಕ್ಕೂ ನಡುವೆ ಒಂದೆರಡು ಗಂಟೆ ಬಿಡುವಿರಲಿ. ಕ್ಯಾಲ್ಸಿಯಂ ಮಾತ್ರೆಯೂ ಬೇರೆ ಹೊತ್ತಿಗೇ ಇರಲಿ.

ಆದರೆ ನನಗೆ ಹೆಚ್ಚು ಚಿಂತೆಯಿರುವುದು ನೀನು ಊಟಕ್ಕೆ ಕೂರುವ ಹೊತ್ತಿನ ಬಗ್ಗೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂತವಳಿಗೆ ಅನ್ನ, ತಿಳಿಸಾರುಗಳು ಬೇಕಾದಷ್ಟು ಉಳಿದಿರುತ್ತವೆ. ಕಾಳಿನ ಪಲ್ಯದ ಪಾತ್ರೆಯನ್ನು ಮಾತ್ರ ಆಗಲೇ ಸೌಟಿನಿಂದ ಕೆರೆದಾಗಿರುತ್ತದೆ. ಇದನ್ನು ನೀನು ಹೇಳಲು ಸಂಕೋಚಪಟ್ಟರೆ ಅಳಿಯಂದಿರಿಗೆ ಈ ಕಾಗದವನ್ನು ತೋರಿಸು, ನಿನ್ನ ಪಾಲನ್ನು ಮೊದಲೇ ತೆಗೆದಿಡುವುದು ಅವರ ಕೆಲಸವಾಗಲಿ.

ಇವೆಲ್ಲ ನೂರಾರು ಜನರನ್ನು ನೋಡಿ ತೆಗೆದ ಲೆಕ್ಕಗಳೇ ಹೊರತು ನಿನ್ನ ಮಗುವಿನ ಹಣೆಬರಹವಲ್ಲ; ವಾಂತಿಯಾಗಿ ಒಂದು ದಿನ ಊಟ ಬಿಟ್ಟರೆ ಹೆದರಬೇಡ. ಬಸುರಿನಲ್ಲಿ ಸಕ್ಕರೆ ಏರಿದ ತಾಯಂದಿರ ಮಕ್ಕಳಿಗೂ ಮುಂದೆ ತೊಂದರೆಯ ಸಂಭವ ಹೆಚ್ಚಿರುವುದರಿಂದ ಗ್ಲೂಕೋಸ್ ಪರೀಕ್ಷೆಯನ್ನು ಮುಂದಕ್ಕೆ ಹಾಕದೆ ಮಾಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ, ಬಂದ ಅಂಕಿಯನ್ನು ನನಗೆ ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ