ವಿಷಯ: ಫ್ಯಾನಿನ ಬಾಯಂಚು ಮತ್ತು ಪರೀಕ್ಷೆಯ ಕ್ರಮದಲ್ಲಿ ಬದಲಾವಣೆ

ಗೋಕುಲ ರಸ್ತೆ, ಹುಬ್ಬಳ್ಳಿ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮ ಪ್ರತಿಯೊಂದು ಡಕ್ಟೆಡ್ ಫ್ಯಾನ್, ಅಂದರೆ ಉಂಗುರದೊಳಗೆ ತಿರುಗುವ ವಿಮಾನದ ಫ್ಯಾನ್, ಬೇಕಾದ ವೇಗದ ಗಾಳಿ ಹಾಯಿಸಿ ನೋಡುವ ಗಾಳಿ ಸುರಂಗದ ಪರೀಕ್ಷೆ ಮುಗಿಸಿಯೇ ನಿಮ್ಮ ಕೈಸೇರುತ್ತದೆ. ಹೀಗಾಗಿ 10 ದಿನಗಳಲ್ಲಿ ಸಿಗುತ್ತಿದ್ದ ಮಾಲಿಗೆ ಮೂರು ವಾರ ಬೇಕಾಗುತ್ತದೆ. ಬೆಲೆ ಮೊದಲಿನಷ್ಟೇ.

ಇಲ್ಲಿಯವರೆಗೆ ಫ್ಯಾನನ್ನು ಮೇಜಿಗೆ ಬಿಗಿದು, ಗಾಳಿಯಾಡದ ಕೋಣೆಯಲ್ಲಿ ಅಳೆದ ನೂಕುಬಲವನ್ನೇ ಚೀಟಿಯಲ್ಲಿ ಬರೆದು ಕೊಡುತ್ತಿದ್ದೆವು. ಆ ಅಂಕಿ ಸುಳ್ಳಲ್ಲ, ಆದರೆ ಆಷಾಢದಲ್ಲಿ ಧಾರವಾಡದ ಬಯಲಿಗೆ ವಿಮಾನ ಒಯ್ಯುವವರಿಗೆ ಅದು ಸಾಲದು. ಕಳೆದ ವರ್ಷ ಗ್ರಾಹಕರೊಬ್ಬರ ಪ್ರಯೋಗದ ವಿಮಾನ ಆಳೆತ್ತರ ಏರಿತ್ತು. ಎದುರುಗಾಳಿ ಬೀಸಿದೊಡನೆ ಮೂತಿ ಎತ್ತಿ ಹಿಂದಕ್ಕೆ ಮಗುಚಿತು. ಒಡೆದ ಉಂಗುರವನ್ನು ಅವರು ಕೈಚೀಲದಲ್ಲಿ ತಂದು ನಮ್ಮ ಮುಂದಿಟ್ಟ ದಿನವೇ ಸುರಂಗ ಕಟ್ಟುವ ನಿರ್ಧಾರ ಮಾಡಿದೆವು.

ಬಾಯಂಚಿನ, ಅಂದರೆ ಗಾಳಿ ಒಳಹೋಗುವ ಕಡೆಯ ಉಂಗುರದ ಅಂಚಿನ, ಸುತ್ತ ಉಣ್ಣೆಯ ಎಳೆಗಳನ್ನು ಅಂಟಿಸಿ, ಫ್ಯಾನ್ ಓಡಿಸಿ ನೋಡಿದೆವು. ಸುರಂಗದ ಗಾಳಿ ನಿಂತಿದ್ದಾಗ ಎಲ್ಲ ಎಳೆಗಳೂ ಒಳಮುಖವಾಗಿ ಮಟ್ಟಸವಾಗಿ ಮಲಗಿದ್ದವು. ಅಡ್ಡಗಾಳಿ ಸೆಕೆಂಡಿಗೆ 8 ಮೀಟರ್ ಮುಟ್ಟಿದಾಗ, ಗಾಳಿಗೆದುರಾದ ಅಂಚಿನ ಎಳೆಗಳು ಪಟಪಟನೆ ಬಡಿದುಕೊಂಡು ತಿರುಗಿಬಿದ್ದವು. ನಮ್ಮ ಅಂಚು ತೆಳುವಾಗಿತ್ತು. ಅಷ್ಟು ಚೂಪಾದ ತಿರುವಿನಲ್ಲಿ ಗಾಳಿ ಹೊರಳಲಾರದೆ ಅಂಚನ್ನು ಬಿಟ್ಟು ಸಿಡಿಯುತ್ತಿತ್ತು, ನೂಕುಬಲ ಕುಸಿಯುತ್ತಿತ್ತು. ಈಗ ಅಂಚನ್ನು ದಪ್ಪಗೆ, ದುಂಡಗೆ ಮಾಡಿದ್ದೇವೆ. ತೂಕ ತುಸು ಹೆಚ್ಚಿದೆ.

ಆದರೆ ಮೂತಿ ಏಳುವುದು ಇಷ್ಟರಿಂದಲೇ ನಿಲ್ಲುವುದಿಲ್ಲ. ಎದುರಿನ ಅಂಚಿನ ಮೇಲೆ ಗಾಳಿ ಹೆಚ್ಚು ವೇಗವಾಗಿ ಹಾಯುತ್ತದೆ, ಒತ್ತಡ ಇಳಿಯುತ್ತದೆ, ಆ ಬದಿ ಮೇಲೇಳುತ್ತದೆ. 1955ರಲ್ಲಿ ಹಾರಿದ ಅಮೆರಿಕದ ಹಿಲ್ಲರ್ ಕಂಪನಿಯ, ಇಂಥದೇ ಉಂಗುರದ ಫ್ಯಾನಿನ ಮೇಲೆ ಒಬ್ಬರು ನಿಂತು ಹಾರಿಸುವ ವೇದಿಕೆ ಹೆಚ್ಚು ವೇಗ ಪಡೆಯದಂತೆ ತಡೆದದ್ದೂ ಇದೇ ಗುಣ. 1966ರಲ್ಲಿ ಹಾರಿದ ನಾಲ್ಕು ಉಂಗುರಗಳ ಬೆಲ್ ಎಕ್ಸ್-22 ವಿಮಾನದಲ್ಲಿ, ವಿಮಾನವನ್ನು ಹತೋಟಿಯಲ್ಲಿಡಲು ಉಂಗುರದಿಂದ ಹೊರಬರುವ ಗಾಳಿಯಲ್ಲೇ ತಿರುಗುವ ಪಟ್ಟಿಗಳಿದ್ದವು. ನೀವೂ ಫ್ಯಾನಿನ ಕೆಳಗೆ ಅಂಥ ಪಟ್ಟಿಗಳಿಗೆ ದಯವಿಟ್ಟು ಜಾಗ ಬಿಡಿ. ಅವುಗಳ ಅಳತೆ ನಿರ್ಧರಿಸಲು ಅನುಕೂಲವಾಗಲೆಂದು, ಯಾವ ಗಾಳಿಗೆ ಎಷ್ಟು ಮೂತಿ ಎತ್ತುವ ಬಲ ಎಂಬುದನ್ನು ಹೊಸ ಚೀಟಿಯಲ್ಲಿ ನಮೂದಿಸುತ್ತೇವೆ.

12 ಇಂಚಿನ ಫ್ಯಾನಿನ ಆರ್ಡರ್ ಸದ್ಯಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಸುರಂಗ ಚಿಕ್ಕದು. ದೊಡ್ಡ ಫ್ಯಾನಿನ ಗಾಳಿ ನೆಲಕ್ಕೆ ಬಡಿದು ಮತ್ತೆ ಅದರ ಬಾಯಿಗೇ ಬರುತ್ತದೆ, ಅಳತೆ ಕೆಡುತ್ತದೆ. ನಂಬಲಾಗದ ಅಂಕಿ ಬರೆದು ಕೊಡಲು ನಮಗೆ ಮನಸ್ಸಿಲ್ಲ.

ತೆಳು ಅಂಚಿನ ಫ್ಯಾನ್ ಈಗಾಗಲೇ ಕೊಂಡವರು ಉಂಗುರವನ್ನಷ್ಟೇ ಬಿಚ್ಚಿ ಕಳಿಸಿ. ಹೊಸ ಅಂಚು ಕೂರಿಸಿ, ಹಣ ಪಡೆಯದೆ ಮರಳಿಸುತ್ತೇವೆ. ಅಲ್ಲಿಯವರೆಗೆ ಗಾಳಿಯ ದಿನ ಹಾರಿಸಬೇಡಿ.

ಇಂತಿ,
ಕಾರ್ಖಾನೆಯ ಎಲ್ಲರ ಪರವಾಗಿ