ಅಪಾಯದ ಲೆಕ್ಕದಲ್ಲಿ ರಾತ್ರಿಯೂ ಇರಲಿ

ಮಾನ್ಯರೆ,

ರಾಸಾಯನಿಕ ಕಾರ್ಖಾನೆಗೆ ಪರಿಸರ ಅನುಮತಿ ಕೊಡುವ ಮುನ್ನ ನಡೆಯುವ ಸಾರ್ವಜನಿಕ ಆಲಿಕೆಯಲ್ಲಿ ಮಾತೆಲ್ಲ ಉದ್ಯೋಗ, ಜಮೀನಿನ ದರ, ಗಿಡ ನೆಡುವ ಭರವಸೆಯಲ್ಲೇ ಮುಗಿದುಹೋಗುತ್ತದೆ. ಪರಿಸರ ಪರಿಣಾಮ ವರದಿಯಲ್ಲಿ ಅಪಾಯ ವಿಶ್ಲೇಷಣೆಯ ಅಧ್ಯಾಯವೂ ಇರುತ್ತದೆ. ಅದನ್ನು ತೆರೆದು ಪ್ರಶ್ನೆ ಕೇಳುವವರು ವಿರಳ.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ, ಪ್ಲಾಸ್ಟಿಕ್ ತಯಾರಿಸಲು ಬಳಸುವ ಸ್ಟೈರೀನ್‌ನ ಆವಿ ಸೋರಿ 12 ಜನ ಸತ್ತರು. ಸ್ಟೈರೀನ್ ಟ್ಯಾಂಕಿನಲ್ಲಿ ಸುಮ್ಮನಿರುವ ದ್ರವವಲ್ಲ. ತನ್ನಷ್ಟಕ್ಕೇ ಗಟ್ಟಿಯಾಗುತ್ತ ಶಾಖ ಹುಟ್ಟಿಸುತ್ತದೆ, ಬಿಸಿ ಏರಿದಷ್ಟೂ ಆ ಕ್ರಿಯೆ ಚುರುಕಾಗುತ್ತದೆ. ಅದನ್ನು ತಡೆಯಲು ಟಿಬಿಸಿ ಎಂಬ ರಾಸಾಯನಿಕ ಬೆರೆಸಿ, ತಂಪಾಗಿಟ್ಟು, ಮೇಲಿನ ಪದರ ಕೆಳಗಿನದರೊಂದಿಗೆ ಬೆರೆಯುವಂತೆ ಪಂಪಿನಿಂದ ಸುತ್ತಿಸುತ್ತಿರಬೇಕು. ಅಲ್ಲಿ ಟಿಬಿಸಿ ದಾಸ್ತಾನಿರಲಿಲ್ಲ. ತಂಪು ಮಾಡುವ ಯಂತ್ರ ಸಂಜೆ 5ಕ್ಕೆ ನಿಲ್ಲುತ್ತಿತ್ತು. ಉಷ್ಣಮಾಪಕ ಇದ್ದುದು ಟ್ಯಾಂಕಿನ ತಳದಲ್ಲಿ ಮಾತ್ರ. ಮೇಲಿನ ದ್ರವ ಬಿಸಿಯಾಗುತ್ತಿದ್ದರೂ ಓದಲು ಸಿಗುತ್ತಿದ್ದುದು ತಳದ ತಣ್ಣನೆಯ ಅಂಕಿ. ಸೈರನ್ ಒತ್ತಲು 36 ಕಡೆ ಗುಂಡಿಗಳಿದ್ದವು, ಒಂದನ್ನೂ ಒತ್ತಲಿಲ್ಲ.

ಹಾಗಾಗಿ ‘ಅಲಾರಂ ಇದೆ, ಶೀತಲೀಕರಣ ಇದೆ’ ಎಂಬ ವಾಕ್ಯಗಳನ್ನು ಒಪ್ಪಿಕೊಂಡು ಸುಮ್ಮನಾಗಬಾರದು. ರಾತ್ರಿ 3 ಗಂಟೆಗೆ ಕರೆಂಟು ಹೋದರೆ ಏನಾಗುತ್ತದೆ ಎಂದು ಕೇಳಬೇಕು. ಸೋರಿಕೆಯ ದೂರವನ್ನು ಯಾವ ಗಾಳಿಗೆ ಲೆಕ್ಕ ಹಾಕಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಮೋಡವಿಲ್ಲದ ರಾತ್ರಿ ನೆಲ ತಣಿದಾಗ ಗಾಳಿ ಮೇಲೇಳುವುದಿಲ್ಲ. ಕ್ಲೋರಿನ್‌ನಂತಹ ಭಾರದ ಅನಿಲ ನೆಲಕ್ಕಂಟಿಕೊಂಡು ತಗ್ಗಿನ ಮನೆಗಳತ್ತ ಹರಿಯುತ್ತದೆ. ಸೆಕೆಂಡಿಗೆ 1.5 ಮೀಟರ್ ಗಾಳಿ, ‘ಎಫ್’ ಸ್ಥಿರತೆಯ (ಗಾಳಿ ಕಲಕದೆ ನಿಂತ ಇಂಥ ರಾತ್ರಿಯ ಸ್ಥಿತಿ) ಲೆಕ್ಕ ವರದಿಯಲ್ಲಿ ಇಲ್ಲದಿದ್ದರೆ ಅದು ಹಗಲಿನ ವರದಿ ಮಾತ್ರ.

ಸೋರಿದ ಅನಿಲ ಎಲ್ಲಿಯವರೆಗೆ ಅಪಾಯಕಾರಿ ಎಂದು ತೋರಿಸುವ ನಕ್ಷೆಯ ಮೇಲಿನ ವೃತ್ತವನ್ನು, ಗಾಳಿಯಲ್ಲಿ ಅನಿಲದ ಯಾವ ಪ್ರಮಾಣಕ್ಕೆ ಎಳೆದಿದ್ದಾರೆ ಎಂದೂ ನೋಡಬೇಕು. ಒಂದು ಕ್ಲೋರಿನ್ ಟನ್ನರ್‌ನಲ್ಲಿ (ದೊಡ್ಡ ಸಿಲಿಂಡರ್) 900 ಕೆ.ಜಿ. ಇರುತ್ತದೆ, ಅದು ಸೋರಿತು ಎನ್ನಿ. 10 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 10 ಭಾಗ) ವೃತ್ತ ಎಳೆದರೆ ಅದು ಕಾರ್ಮಿಕನೊಬ್ಬ ಅರ್ಧ ಗಂಟೆಯೊಳಗೆ ತಪ್ಪಿಸಿಕೊಳ್ಳಲಿ ಎಂದು ನಿಗದಿಯಾದ ಮಿತಿ. ಅಂಗನವಾಡಿ ಮಕ್ಕಳಿಗೆ, ಉಬ್ಬಸದ ಹಿರಿಯರಿಗೆ ಅದು ಸಲ್ಲದು. 3 ಪಿಪಿಎಂಗೆ ಎಳೆದರೆ ವೃತ್ತ ಎಷ್ಟೋ ದೊಡ್ಡದಾಗುತ್ತದೆ, ಹೊಸ ಊರುಗಳು ಅದರೊಳಗೆ ಬರುತ್ತವೆ.

ನಿತ್ಯದ ಮಾಲಿನ್ಯದ ಅಳತೆಯಲ್ಲೂ ಇದೇ ಕೊರತೆ. ರಾತ್ರಿ ಎರಡು ತಾಸಿನ ಕಾಲ ಬಿಟ್ಟ ಆವಿ 24 ಗಂಟೆಯ ಸರಾಸರಿಯಲ್ಲಿ ಅಡಗಿಹೋಗುತ್ತದೆ. ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿರುವ 12 ಮಾಲಿನ್ಯಕಾರಕಗಳಲ್ಲಿ ಔಷಧ ಕಾರ್ಖಾನೆಗಳು ಹೇರಳವಾಗಿ ಬಳಸುವ ಟಾಲ್ಯೂಯಿನ್, ಡೈಕ್ಲೋರೋಮೀಥೇನ್ ಎಂಬ ದ್ರಾವಕಗಳು ಇಲ್ಲವೇ ಇಲ್ಲ. ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರಿನಂಥ ಕೈಗಾರಿಕಾ ಪ್ರದೇಶಗಳಲ್ಲಿ ಇವನ್ನು ಪ್ರತ್ಯೇಕವಾಗಿ, ರಾತ್ರಿ ಹೊತ್ತಿನಲ್ಲಿ ಅಳೆಯಬೇಕು.

ಆಲಿಕೆಗೆ 30 ದಿನ ಮೊದಲೇ ಪ್ರಕಟಣೆ ಬರುತ್ತದೆ. ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗುತ್ತದೆ, ಆಕ್ಷೇಪಣೆಯನ್ನು ಲಿಖಿತವಾಗಿಯೂ ಕೊಡಬಹುದು. ಆದರೆ ಅಪಾಯದ ನಕ್ಷೆ ಇಂಗ್ಲಿಷಿನ ದಪ್ಪ ಸಂಪುಟದೊಳಗೆ ಉಳಿದರೆ ಊರಿನವರು ಆಕ್ಷೇಪಿಸುವುದು ಯಾವುದನ್ನು? ಊರುಗಳ ಹೆಸರು ಬರೆದ ಆ ನಕ್ಷೆಯನ್ನು ಕನ್ನಡ ಸಾರಾಂಶದಲ್ಲೇ ಮುದ್ರಿಸುವಂತೆ ಮಾಲಿನ್ಯ ನಿಯಂತ್ರಣ ಮಂಡಳಿ ಆದೇಶಿಸಬೇಕು.

– ರಾಸಾಯನಿಕ ಸುರಕ್ಷತೆಯ ಕೆಲಸದಲ್ಲಿರುವ ಓದುಗರು